ಶುಗರ್ ಪ್ಯಾಕೇಜಿಗೆ 2,400 ರೂಪಾಯಿ ಕಟ್ಟಿದ ಕತೆ

ನಾನು ಡಾಕ್ಟರಲ್ಲ. 31 ವರ್ಷ ಹಳ್ಳಿಗಳ ಉಪಕೇಂದ್ರದಲ್ಲಿ ಆರೋಗ್ಯ ಸಹಾಯಕಿಯಾಗಿದ್ದೆ, ಜನ ನರ್ಸಮ್ಮ ಅಂತಿದ್ದರು. ಕೊನೆಯ ನಾಲ್ಕು ವರ್ಷ ಆಶಾ ಹೆಣ್ಣುಮಕ್ಕಳಿಗೆ ಟ್ರೈನಿಂಗ್ ಕೊಡೋ ಕೆಲಸ. ರೋಗಿಗೆ ಹೇಗೆ ಹೇಳಿದರೆ ತಲೆಗೆ ಹೋಗುತ್ತೆ ಅನ್ನೋದರ ಥಿಯರಿಗಳನ್ನೆಲ್ಲಾ ಆಗ ಓದಿದ್ದು. ಈಗ ರಿಟೈರಾಗಿ ದಾವಣಗೆರೆಯಲ್ಲಿದ್ದೇವೆ.

ನಮ್ಮ ಯಜಮಾನರು ಸರ್ಕಾರಿ ಬಸ್ ಡ್ರೈವರ್ ಆಗಿದ್ದವರು. ಹನ್ನೆರಡು ವರ್ಷದಿಂದ ಶುಗರ್. ಈ ಸಲ ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸೋ ಟೆಸ್ಟ್ (HbA1c) 9.4 ಬಂತು. ಡಾಕ್ಟರು ಇನ್ಸುಲಿನ್ ಬರೆದರು, ಜೊತೆಗೆ ತಮ್ಮ ಕ್ಲಿನಿಕ್ಕಿನದೇ 'ತಿಳುವಳಿಕೆ ಪ್ಯಾಕೇಜ್'ಗೆ ಸೇರಿ ಅಂದರು. ಮೂರು ತಿಂಗಳಿಗೆ 2,400 ರೂಪಾಯಿ. ಒಂದು ಡಯಟ್ ಶೀಟ್, ತಿಂಗಳಿಗೆರಡು ಸಲ ಕೌನ್ಸೆಲಿಂಗ್, ದಿನಾ ವಾಟ್ಸಾಪ್ ಮೆಸೇಜ್. ಔಷಧಿ, ಟೆಸ್ಟಿಗೆ ದುಡ್ಡು ಬೇರೆ. ಕ್ಲಿನಿಕ್ಕಿನ ಹೆಸರು ಬೇಡ. ಇಂಥ ಪ್ಯಾಕೇಜ್ ಈಗ ಊರೂರಲ್ಲೂ ಇದೆ, ಕಟ್ಟೋ ಮುಂಚೆ ಏನು ನೋಡ್ಕೋಬೇಕು ಅಂತ ನಾಲ್ಕು ಜನಕ್ಕೆ ಗೊತ್ತಾಗಲಿ ಅಂತಷ್ಟೇ ಬರೆಯುತ್ತಿದ್ದೇನೆ.

ಕಾಯೋ ಜಾಗದಿಂದ ಶುರು ಮಾಡ್ತೀನಿ. ಎಸಿ ಇದೆ, ಕುರ್ಚಿ ಚೆನ್ನಾಗಿದೆ, ನೀರಿದೆ. ಎದುರು ಗೋಡೆಯ ತುಂಬಾ ಒಂದೇ ಪೋಸ್ಟರ್: ಕಪ್ಪಾದ ಹೆಬ್ಬೆರಳು, ಪಕ್ಕದಲ್ಲಿ ಬ್ಯಾಂಡೇಜ್ ಸುತ್ತಿದ ಮೊಂಡು ಕಾಲು. ಕೆಳಗೆ ಕೆಂಪಕ್ಷರ: 'ನಿರ್ಲಕ್ಷಿಸಿದರೆ ಇದೇ ಗತಿ'. ಕಾಲು ದಿನಾ ನೋಡ್ಕೊಳ್ಳಿ, ಬರಿಗಾಲಲ್ಲಿ ಓಡಾಡಬೇಡಿ, ಬೆರಳ ಸಂದಿ ಒಣಗಿಸಿ ಅಂತ ಒಂದು ಸಾಲಾದರೂ ಬೇಡ್ವಾ? ಇಲ್ಲ. ಇವರು ಮೊದಲ ದಿನ ಅದನ್ನ ಎರಡು ಸಲ ನೋಡಿದರು. ಮೂರನೇ ಸಲ ಪೇಪರ್ ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದರು. ಆಮೇಲಿನ ಭೇಟಿಗಳಲ್ಲಿ ಪೋಸ್ಟರಿಗೆ ಬೆನ್ನು ಹಾಕಿಯೇ ಕೂತರು.

ಇದಕ್ಕೊಂದು ಥಿಯರಿ ಇದೆ. 1992ರಲ್ಲಿ ಕಿಮ್ ವಿಟ್ಟೆ ಅನ್ನೋರು ಬರೆದದ್ದು. ಹೆದರಿಸಿ, ಜೊತೆಗೆ 'ಹೀಗೆ ಮಾಡಿದರೆ ತಪ್ಪಿಸ್ಕೋಬಹುದು, ಇದು ನಿಮ್ಮ ಕೈಲಾಗುತ್ತೆ' ಅಂತಲೂ ತೋರಿಸಿದರೆ ಮನುಷ್ಯ ಅಪಾಯದ ಕಡೆ ಗಮನ ಕೊಡ್ತಾನೆ. ಸುಮ್ನೆ ಹೆದರಿಸಿ ಬಿಟ್ಟರೆ ಅಪಾಯ ಬಿಟ್ಟು ಹೆದರಿಕೆಯನ್ನೇ ಓಡಿಸೋಕೆ ನೋಡ್ತಾನೆ. ಅಂದರೆ ಪೇಪರ್ ಅಡ್ಡ ಹಿಡೀತಾನೆ. ಸಿಗರೇಟ್ ಪ್ಯಾಕನ್ನೇ ನೋಡಿ. 2016ರಿಂದ ಅದರ ಮೇಲೆ ಶೇಕಡಾ 85ರಷ್ಟು ಜಾಗ ಎಚ್ಚರಿಕೆಯ ಚಿತ್ರ, ಬರಹಕ್ಕೇ. 2018ರಲ್ಲಿ ಆ ಚಿತ್ರದ ಜೊತೆ 'ಇಂದೇ ಬಿಡಿ, ಫೋನ್ ಮಾಡಿ' ಅಂತ 1800-11-2356 ನಂಬರೂ ಸೇರಿತು. ಹೆದರಿಸಿದ ಮೇಲೆ ಒಂದು ಬಾಗಿಲು ತೋರಿಸಬೇಕಲ್ಲ. ಈ ಕ್ಲಿನಿಕ್ಕಿನ ಗೋಡೆಯಲ್ಲಿ ಬಾಗಿಲೇ ಇಲ್ಲ.

ಡಯಟ್ ಶೀಟಿಗೆ ನನ್ನಿಂದ ಸೊನ್ನೆ. ಓಟ್ಸ್, ಬ್ರೊಕೊಲಿ, ಆಲಿವ್ ಎಣ್ಣೆ, 'ಗ್ರಿಲ್ ಮಾಡಿದ ಮೀನು'. ನಾವು ತಿನ್ನೋದು ಜೋಳದ ರೊಟ್ಟಿ, ಪಲ್ಯ, ಅನ್ನ ಸಾರು. ಮೀನಂತೂ ನಮ್ಮನೆ ಹೊಸ್ತಿಲು ದಾಟಿಲ್ಲ. ರೊಟ್ಟಿ ಎಷ್ಟು ತಿನ್ನಬಹುದು ಅಂತ ಶೀಟಲ್ಲಿ ಎಲ್ಲೂ ಇಲ್ಲ. ಸಂಜೆ ಮಂಡಕ್ಕಿ ಮಿರ್ಚಿ ಬಗ್ಗೆ ಸೊಲ್ಲಿಲ್ಲ. ದಾವಣಗೆರೆಯಲ್ಲಿ ಕೂತು ಮಂಡಕ್ಕಿ ಬಗ್ಗೆ ಮಾತಾಡದೆ ಶುಗರ್ ಬಗ್ಗೆ ಹೇಗೆ ಮಾತಾಡ್ತೀರಿ?

ನಾನೂ ಇಂಥ ತಪ್ಪು ಮಾಡಿದವಳೇ ಅನ್ನಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಬಸುರಿಯರಿಗೆ ಕಬ್ಬಿಣದ ಮಾತ್ರೆ ಹಂಚಿ, ರಕ್ತ ಕಮ್ಮಿಯಾದರೆ ಹೆರಿಗೆಯಲ್ಲಿ ಜೀವಕ್ಕೇ ಅಪಾಯ ಅಂತ ಭಾಷಣ ಬಿಗಿದು ಬರ್ತಿದ್ದೆ. ಎಲ್ಲರೂ ತಲೆ ಆಡಿಸೋರು. ಒಂದು ದಿನ ಒಬ್ಬರ ಮನೆ ಹಿತ್ತಲಲ್ಲಿ ತಿಪ್ಪೆಯ ಮೇಲೆ ಆ ಮಾತ್ರೆಗಳು ಬಿದ್ದಿದ್ದವು. ಕೇಳಿದರೆ, "ಹೊಟ್ಟೆ ತೊಳಸುತ್ತೆ ಕಣಕ್ಕಾ, ಕಕ್ಕಸೂ ಕಪ್ಪಗೆ ಬರುತ್ತೆ, ಮಗೀಗೆ ಏನಾದ್ರೂ ಆದ್ರೆ?" ಅಂದಳು. ಅದನ್ನ ನಾನು ಹೇಳೇ ಇರಲಿಲ್ಲ. ಆಮೇಲಿಂದ ಭಾಷಣ ಬಿಟ್ಟೆ. ರಾತ್ರಿ ಊಟ ಆದ ಮೇಲೆ ತಗೋ, ಟೀ ಜೊತೆ ಬೇಡ, ಕಪ್ಪಗಾಗೋದು ಮಾತ್ರೆಯಿಂದಲೇ, ಮಗೂಗೆ ಏನೂ ಆಗಲ್ಲ. ಅಷ್ಟೇ ಹೇಳ್ತಿದ್ದೆ. ತಿಪ್ಪೆಗೆ ಹೋಗೋ ಮಾತ್ರೆ ಕಮ್ಮಿ ಆಯ್ತು.

ಪುಸ್ತಕದಲ್ಲಿ ಇದಕ್ಕೆ ಆರೋಗ್ಯ ನಂಬಿಕೆ ಮಾದರಿ ಅಂತಾರೆ. 1950ರ ದಶಕದಲ್ಲಿ ಅಮೆರಿಕದಲ್ಲಿ ಕ್ಷಯ ರೋಗ ಪತ್ತೆಗೆ ಎಕ್ಸ್‌ರೇ ವ್ಯಾನ್ ಬೀದಿಗೇ ಬರ್ತಿತ್ತು, ದುಡ್ಡೂ ಇಲ್ಲ. ಆದರೂ ಎಷ್ಟೋ ಜನ ಹತ್ತಿರ ಸುಳಿಯುತ್ತಿರಲಿಲ್ಲ. ಯಾಕೆ ಅಂತ ಹಾಕ್‌ಬಾಮ್, ರೋಸೆನ್‌ಸ್ಟಾಕ್ ಮುಂತಾದ ಸಂಶೋಧಕರು ಹುಡುಕಿದರು. ನನಗೆ ಬರಬಹುದಾ, ಬಂದರೆ ಎಷ್ಟು ಕೆಟ್ಟದ್ದು, ಇದರಿಂದ ಲಾಭ ಏನು, ಅಡ್ಡಿ ಏನು ಅಂತ ಮನುಷ್ಯ ಒಳಗೇ ಲೆಕ್ಕ ಹಾಕ್ತಾನಂತೆ. ಹೊಟ್ಟೆ ತೊಳಸೋದು ಆ 'ಅಡ್ಡಿ'. ಓಟ್ಸಿನ ರೇಟು ಇನ್ನೊಂದು.

ವಾಟ್ಸಾಪ್ ಮೆಸೇಜಿನ ಬಗ್ಗೆ ಜಾಸ್ತಿ ಹೇಳೋದಿಲ್ಲ. ಬೆಳಿಗ್ಗೆ ಆರಕ್ಕೆ ಸೂರ್ಯೋದಯದ ಚಿತ್ರ, 'ಇಂದು 10,000 ಹೆಜ್ಜೆ!' ಇವರಿಗೆ ಎರಡೂ ಮಂಡಿ ನೋವು. ಮ್ಯೂಟ್ ಮಾಡಿಟ್ಟಿದ್ದಾರೆ.

ಇಷ್ಟು ಓದಿ ದುಡ್ಡು ದಂಡ ಅಂದ್ಕೋಬೇಡಿ. ಕೌನ್ಸೆಲಿಂಗ್ ಮಾಡೋ ಹುಡುಗಿ ಇದ್ದಾಳೆ, ಇಪ್ಪತ್ತೈದರ ಆಸುಪಾಸು. ಪ್ಯಾಕೇಜಿನ ಅಸಲು ಅಂದರೆ ಅವಳೇ.

ಮೊದಲ ದಿನ ಇನ್ಸುಲಿನ್ ಪೆನ್ ಹೇಳಿಕೊಟ್ಟಳು. ಸೂಜಿ ಸಿಕ್ಕಿಸಿ, 2 ಯೂನಿಟ್ ತಿರುಗಿಸಿ, ಸೂಜಿ ಮೇಲೆ ಮಾಡಿ ಒತ್ತಿ, ತುದಿಯಲ್ಲಿ ಹನಿ ಬಂತಾ ನೋಡಿ, ಆಮೇಲೆ ನಿಮ್ಮ ಡೋಸ್. ಹೊಟ್ಟೆಗೆ ಚುಚ್ಚಿ ಗುಂಡಿ ಒತ್ತಿದ ಮೇಲೆ ಹತ್ತು ಎಣಿಸಿ ತೆಗೀರಿ. ಇವರು "ಆಯ್ತು, ಆಯ್ತು" ಅಂದರು. ನಾನು ಒಳಗೇ ನಕ್ಕೆ, ಈ 'ಆಯ್ತು' ನನಗೆ ಗೊತ್ತು.

ಅವಳೂ ಬಿಡಲಿಲ್ಲ. "ಸರ್, ನಾನು ಸರಿಯಾಗಿ ಹೇಳಿದೆನೋ ಇಲ್ವೋ ನೋಡ್ಕೋಬೇಕು. ನೀವೊಂದ್ಸಲ ನನಗೆ ಹೇಳಿಕೊಡಿ" ಅಂತ ಪೆನ್ನು ಇವರ ಕೈಗೇ ಕೊಟ್ಟಳು. ಇವರು ಸೂಜಿ ಹಾಕಿ ಸೀದಾ ತಮ್ಮ ಡೋಸ್ 14ಕ್ಕೆ ತಿರುಗಿಸಿದರು. ಹನಿ ನೋಡೋದು ಬಿಟ್ಟೇಹೋಗಿತ್ತು. ತಪ್ಪು ಅನ್ನಲಿಲ್ಲ ಅವಳು. "ಸರ್, ಡಿಪೋದಿಂದ ಗಾಡಿ ತೆಗೆಯೋ ಮುಂಚೆ ಏನು ಮಾಡ್ತಿದ್ರಿ?"

"ಬ್ರೇಕ್ ಒತ್ತಿ ನೋಡ್ತಿದ್ದೆ. ಯಾಕವ್ವಾ?"

"ಇದೂ ಅಷ್ಟೇ ಸರ್. 2 ಯೂನಿಟ್ ಬಿಡೋದು ಬ್ರೇಕ್ ಚೆಕ್."

ಅವತ್ತಿನಿಂದ ಮನೇಲಿ ಅದರ ಹೆಸರೇ ಬ್ರೇಕ್ ಚೆಕ್. ಒಂದು ದಿನವೂ ಬಿಟ್ಟಿಲ್ಲ.

ಹೇಳಿದ್ದನ್ನ ರೋಗಿಯಿಂದಲೇ ವಾಪಸ್ ಹೇಳಿಸೋದು ಹಳೇ ಪದ್ಧತಿ, ಇಂಗ್ಲಿಷಲ್ಲಿ ಟೀಚ್‌ಬ್ಯಾಕ್ ಅಂತಾರೆ. ಟ್ರೈನಿಂಗಲ್ಲಿ ಎಲ್ಲರಿಗೂ ಹೇಳ್ತೀವಿ, ಮಾಡೋರು ಕಮ್ಮಿ. ಅದರ ಗುಟ್ಟು 'ನಾನು ಸರಿಯಾಗಿ ಹೇಳಿದೆನಾ' ಅನ್ನೋ ಮಾತಿನಲ್ಲಿದೆ. 'ಅರ್ಥ ಆಯ್ತಾ' ಅಂದರೆ ಅರವತ್ತೇಳರ ಗಂಡಸು ಯಾವತ್ತಾದರೂ ಇಲ್ಲ ಅಂತಾನಾ?

ಶುಗರ್ ಇಳಿದಾಗ ಏನು ಮಾಡಬೇಕು ಅನ್ನೋದನ್ನೂ ಹಾಗೇ ಹೇಳಿಸಿದಳು. ಬೆವರು, ನಡುಕ, ಮೀಟರಿನಲ್ಲಿ 70ಕ್ಕಿಂತ ಕಮ್ಮಿ ಇದ್ದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡೀಬೇಕು, 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಬೇಕು. ಡಯಟ್ ಶೀಟನ್ನ ಅವಳೇ ಮಗುಚಿ ಹಾಕಿ, ಹಿಂಬದಿಯಲ್ಲಿ ಪೆನ್ನಿಂದ ಒಂದು ತಟ್ಟೆ ಬರೆದಳು. ಅರ್ಧ ತಟ್ಟೆ ಪಲ್ಯ ಕೋಸಂಬರಿ, ಕಾಲು ಭಾಗ ಕಾಳು, ಕಾಲು ಭಾಗ ರೊಟ್ಟಿ ಇಲ್ಲಾ ಅನ್ನ. ಫ್ರಿಜ್ಜಿನ ಮೇಲೆ ಅಂಟಿರೋದು ಆ ಕಡೆಯೇ. ಮಂಡಕ್ಕಿ ಬಗ್ಗೆ ಇವರೇ ಕೇಳಿದರು. "ವಾರಕ್ಕೊಂದ್ಸಲ, ಮಿರ್ಚಿ ಒಂದೇ, ಅವತ್ತು ರಾತ್ರಿ ಅನ್ನ ಬೇಡ" ಅಂತ ರಾಜಿ ಆಯ್ತು.

ಇವರ ಸಿಗರೇಟಿನ ವಿಷಯಕ್ಕೆ ಬಂದಾಗ "ಇವತ್ತು ಅದರ ಬಗ್ಗೆ ಮಾತಾಡೋಣ್ವಾ, ಬೇಡ್ವಾ ಸರ್?" ಅಂದಳು. ಇವರು ಬೇಡ ಅಂದರು. ಸುಮ್ಮನಾದಳು. ನನಗೆ ಸಿಟ್ಟು ಬಂತು, ನಿಜ. ಆದರೆ ಪ್ರೊಚಾಸ್ಕ, ಡಿಕ್ಲೆಮೆಂಟಿ ಅನ್ನೋ ಸಂಶೋಧಕರು 1983ರಲ್ಲಿ ಸಿಗರೇಟ್ ಬಿಡುವವರನ್ನ ನೋಡಿ ಬರೆದದ್ದೂ ಇದನ್ನೇ: ಬಿಡೋ ಯೋಚನೆಯೇ ಇಲ್ಲದವನು, ಯೋಚಿಸ್ತಿರುವವನು, ಬಿಡೋಕೆ ಶುರು ಮಾಡಿದವನು ಬೇರೆ ಬೇರೆ ಮೆಟ್ಟಿಲಲ್ಲಿರ್ತಾರೆ, ಎಲ್ಲರಿಗೂ ಒಂದೇ ಮಾತು ನಾಟಲ್ಲ. ನಾಲ್ಕನೇ ಭೇಟಿಯಲ್ಲಿ ಇವರೇ "ಬಿಟ್ರೆ ದಪ್ಪ ಆಗ್ತಾರಂತಲ್ಲಾ?" ಅಂತ ಮಾತು ತೆಗೆದರು. ಬಿಟ್ಟಿಲ್ಲ ಇನ್ನೂ. ಒಂದು ಮೆಟ್ಟಿಲು ಅನ್ಕೊಂಡಿದ್ದೀನಿ.

ಪ್ರತಿ ಸಲ ಎದ್ದು ಬರುವಾಗ ಅವಳು ಇನ್ನೊಂದು ಕೆಲಸ ಮಾಡ್ತಾಳೆ. 'ಮುಂದಿನ ತಿಂಗಳು ಟೆಸ್ಟ್ ಮಾಡಿಸಿ' ಅನ್ನಲ್ಲ. "ಯಾವ ದಿನ ಬರ್ತೀರಿ? ಬೆಳಿಗ್ಗೆ ಎಷ್ಟೊತ್ತಿಗೆ? ಆಟೋನಾ ಬಸ್ಸಾ?" ಅಂತ ಕೇಳಿ ಚೀಟಿಯಲ್ಲಿ ಬರೆದು ಕೊಡ್ತಾಳೆ. ನನಗೆ ಥಟ್ಟನೆ ಯೇಲ್ ವಿಶ್ವವಿದ್ಯಾಲಯದ ಪ್ರಯೋಗ ನೆನಪಾಯ್ತು, ಆಶಾಗಳಿಗೆ ಎಷ್ಟು ಸಲ ಹೇಳಿದ್ದೀನೋ. 1965ರಲ್ಲಿ ಲೆವೆಂಥಾಲ್ ಮತ್ತು ಅವರ ಜೊತೆಯವರು ವಿದ್ಯಾರ್ಥಿಗಳಿಗೆ ಧನುರ್ವಾಯು ಬಗ್ಗೆ ಪುಸ್ತಿಕೆ ಕೊಟ್ಟರು. ಕೆಲವದರಲ್ಲಿ ಭಯಂಕರ ಚಿತ್ರ, ಕೆಲವದು ಸೌಮ್ಯ. ಹೆದರಿದವರು 'ಲಸಿಕೆ ಹಾಕಿಸ್ಕೋತೀವಿ' ಅಂತ ಜಾಸ್ತಿ ಹೇಳಿದರು. ಆದರೆ ನಿಜವಾಗಿ ಹೋಗಿ ಚುಚ್ಚಿಸಿಕೊಂಡವರು ಯಾರು? ಆರೋಗ್ಯ ಕೇಂದ್ರ ಎಲ್ಲಿದೆ ಅಂತ ನಕ್ಷೆಯಲ್ಲಿ ಗುರುತು ಹಾಕಿ, ಯಾವಾಗ ಹೋಗ್ತೀರಿ ಯೋಚಿಸಿ ಅಂದದ್ದು ಯಾರಿಗೋ, ಅವರು. ಅವರಲ್ಲಿ ಶೇಕಡಾ 28ರಷ್ಟು, ಮಿಕ್ಕವರಲ್ಲಿ ಬರೀ 3. ಅದೇ ಕ್ಯಾಂಪಸ್ಸಿನ ಹುಡುಗರವರು, ಕೇಂದ್ರ ಎಲ್ಲಿದೆ ಅಂತ ಗೊತ್ತಿಲ್ಲದೆ ಏನಲ್ಲ!

ಈ ಹುಡುಗಿ ಆ ಪ್ರಯೋಗ ಓದಿದ್ದಾಳಾ ಅಂತ ಕೇಳಿದೆ. "ಇಲ್ಲ ಮೇಡಂ, ನಮ್ಮಪ್ಪಂಗೂ ಶುಗರ್. ದಿನ ಬರೆದು ಕೊಡದಿದ್ರೆ ಹೋಗಲ್ಲ" ಅಂದಳು.

ಇನ್ನು ಸಣ್ಣ ವಿಷಯಗಳು. ಸೋಮವಾರ ಹೋಗಬೇಡಿ, ಒಂದೂವರೆ ತಾಸು ಕೂರಿಸ್ತಾರೆ. ಬುಧವಾರ ಮಧ್ಯಾಹ್ನ ಖಾಲಿ ಇರುತ್ತೆ. ಮೆಟ್ಟಿಲು ಕಡಿದಾಗಿದೆ, ಲಿಫ್ಟ್ ಇಲ್ಲ, ಕಾಲು ನೋವಿನ ಶುಗರ್ ಪೇಷೆಂಟಿಗೆ ಮೊದಲ ಮಹಡಿ! ದುಡ್ಡು ಕಟ್ಟೋ ಮುಂಚೆ ಕೌನ್ಸೆಲಿಂಗ್ ಯಾರು ಮಾಡ್ತಾರೆ, ಎಷ್ಟು ಹೊತ್ತು ಅಂತ ಕೇಳಿ. ಆ ಹುಡುಗಿ ಇದ್ದಾಗ ನಮಗೆ ಪ್ರತಿ ಸಲ ಇಪ್ಪತ್ತು ನಿಮಿಷ ಸಿಕ್ಕಿತು. ಒಂದು ಸಲ ಅವಳು ರಜೆಯಲ್ಲಿದ್ದಾಗ ಇನ್ನೊಬ್ಬರು ಶೀಟ್ ಓದಿ ಆರು ನಿಮಿಷಕ್ಕೆ ಕಳಿಸಿದರು. ಶುಲ್ಕ ಎರಡಕ್ಕೂ ಒಂದೇ.

ಐದಕ್ಕೆ ಮೂರು ಕೊಡ್ತೀನಿ. ಮೂರೂ ಅವಳವೇ.

ಮೊನ್ನೆ ಅದೇ ಮೂರು ತಿಂಗಳ ಟೆಸ್ಟಿನ ರಿಪೋರ್ಟ್ ಬಂತು, 9.4 ಇದ್ದದ್ದು 7.9ಕ್ಕೆ ಇಳಿದಿದೆ. ಇನ್ನೂ ಮೂರು ತಿಂಗಳಿಗೆ ಕಟ್ಟೋದಾ ಅಂತ ಇವರನ್ನ ಕೇಳಿದೆ. "ಆ ಹುಡುಗಿ ಇರ್ತಾಳಾ ಕೇಳ್ಕೊಂಡು ಬಾ ಮೊದ್ಲು" ಅಂದರು, ಪೆನ್ನಿನ ತುದಿಯ ಹನಿ ನೋಡ್ತಾ.