‘ಬ್ರೇನ್’ ಜರ್ನಲ್: ನ್ಯೂರಾಲಜಿ ಪಿಜಿಗಳು ಎಲ್ಲಿಂದ ಓದಬೇಕು?

1878ರಲ್ಲಿ ಲಂಡನ್ನಿನಲ್ಲಿ ಶುರುವಾದ ‘ಬ್ರೇನ್’ ಈಗ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನಿಂದ ತಿಂಗಳಿಗೊಮ್ಮೆ ಬರುತ್ತದೆ. ವಾರ್ಡಿನಲ್ಲಿ ನಿಂತು ಡೋಸ್ ಹುಡುಕುವವರಿಗೆ ನಿರಾಸೆಯೇ. ಇದರ ಕೆಲಸ ರೋಗದ ಮೂಲ ಕೆದಕುವುದು.

ನಿಜವಾದ ಆಸ್ತಿ ಹಳೆಯ ಸಂಪುಟಗಳು. 1937ರ 60ನೇ ಸಂಪುಟ, 389ನೇ ಪುಟ ತೆರೆಯಿರಿ: ಪೆನ್‌ಫೀಲ್ಡ್ ಮತ್ತು ಬೋಲ್ಡ್ರಿ ಎಂಬ ನರಶಸ್ತ್ರವೈದ್ಯರ ಲೇಖನ. ಎಚ್ಚರವಿದ್ದ ರೋಗಿಗಳ ಮಿದುಳಿಗೆ ವಿದ್ಯುತ್ ಮುಟ್ಟಿಸಿ, ಎಲ್ಲಿ ಹೆಬ್ಬೆರಳು, ಎಲ್ಲಿ ನಾಲಿಗೆ ಎಂದು ಗುರುತು ಹಾಕಿದ್ದಾರೆ. ಆ ಜಾಗಗಳು ಒಂದರ ಮೇಲೊಂದು ಹರಡಿಕೊಂಡಿವೆ. ಪಠ್ಯಪುಸ್ತಕದ ಅಚ್ಚುಕಟ್ಟು ಹೋಮಂಕ್ಯುಲಸ್ (ಮಿದುಳಿನ ಮೇಲೆ ದೇಹದ ಭಾಗಗಳ ಜಾಗ ತೋರಿಸುವ ಮನುಷ್ಯಾಕೃತಿ) ಇದನ್ನು ಹೇಳುವುದಿಲ್ಲ. ಮಿದುಳಿನ ಭಾಗಗಳ ನಡುವಿನ ಸಂಪರ್ಕ ಕಡಿದರೆ ಏನಾಗುತ್ತದೆ ಎಂಬ ಬಗ್ಗೆ ನರರೋಗ ತಜ್ಞ ಗೆಶ್ವಿಂಡ್‌ರ 1965ರ ಲೇಖನ ಎರಡು ಕಂತು, ನೂರಕ್ಕೂ ಹೆಚ್ಚು ಪುಟ. ಬಿಡುವು ಮಾಡಿಕೊಂಡೇ ಕೂರಿ.

ಹೊಸ ಸಂಚಿಕೆಯಲ್ಲಿ ಮೊದಲು ಸೈಂಟಿಫಿಕ್ ಕಾಮೆಂಟರಿ (ಮೂಲ ಲೇಖನದ ಬಗ್ಗೆ ಬೇರೆ ತಜ್ಞರ ಕಿರು ಟಿಪ್ಪಣಿ), ಆಮೇಲೆ ಮೂಲ ಲೇಖನ ಓದಿ. ವಿಧಾನದ ವಿವರ ಎಷ್ಟೋ ಸಲ ಲೇಖನದ ಜೊತೆ ಬೇರೆಯಾಗಿ ಕೊಡುವ ಸಪ್ಲಿಮೆಂಟರಿ ಫೈಲಿನಲ್ಲಿ ಅಡಗಿರುತ್ತದೆ. ಅದನ್ನು ನೋಡದೆ, ಲೇಖನ ಚರ್ಚಿಸುವ ಜರ್ನಲ್ ಕ್ಲಬ್‌ಗೆ ಹೋದರೆ ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.