ಮಲ್ಪೆಯಾ, ಗೋಕರ್ಣವಾ? ಬೀಚು ಮತ್ತು ಮೀನು ಎರಡೂ ಬೇಕೆನ್ನುವವರಿಗೆ

ಸಮುದ್ರದಲ್ಲಿ ಆಡಬೇಕು, ಒಳ್ಳೆಯ ಮೀನು ತಿನ್ನಬೇಕು, ಮೀನುಗಾರರ ಬದುಕನ್ನೂ ಹತ್ತಿರದಿಂದ ನೋಡಬೇಕು, ಆದರೆ ಕೈಯಲ್ಲಿರುವುದು ಒಂದೇ ವಾರಾಂತ್ಯ. ಹೀಗೆ ಕೇಳಿದವರಿಗೆ ನಾನು ಮಲ್ಪೆ ಅನ್ನುತ್ತೇನೆ. ಗೋಕರ್ಣದ ಬೀಚುಗಳು ಮಲ್ಪೆಗಿಂತ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಎರಡೂ ಕಡೆ ಉಳಿದು, ಸುತ್ತಾಡಿ, ತಿಂದು ನೋಡಿದ ಮೇಲೂ ನನ್ನ ಉತ್ತರ ಬದಲಾಗಿಲ್ಲ.

ಮೊದಲು ಗೋಕರ್ಣ. ಊರಿನ ದೊಡ್ಡ ಬೀಚು ಮಹಾಬಲೇಶ್ವರ ದೇವಸ್ಥಾನದ ಹತ್ತಿರವೇ ಇದೆ, ಅಲ್ಲಿ ಯಾತ್ರಿಕರೇ ಜಾಸ್ತಿ. ನಿಜವಾದ ಮಜಾ ಇರುವುದು ದಕ್ಷಿಣಕ್ಕೆ. ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಬೀಚುಗಳು ಒಂದಾದ ಮೇಲೊಂದು ಸಿಗುತ್ತವೆ, ನಡುವೆ ಗುಡ್ಡಗಳು. ಕುಡ್ಲೆಯಿಂದ ಗುಡ್ಡ ಹತ್ತಿ ಓಂ ಬೀಚಿಗೆ ಇಳಿಯುವ ದಾರಿ ನನಗೆ ಆ ಊರಿನಲ್ಲಿ ಎಲ್ಲಕ್ಕಿಂತ ಇಷ್ಟ. ಮೇಲೆ ನಿಂತರೆ ಎರಡು ಬಾಗು ಸೇರಿದ ಆ ದಡದ ಆಕಾರ ಸರಿಯಾಗಿ ಕಾಣುತ್ತದೆ. ಹಾಫ್ ಮೂನ್, ಪ್ಯಾರಡೈಸ್‌ಗೆ ಕಾಲುದಾರಿ ಅಥವಾ ದೋಣಿ. ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಇದನ್ನು ಮೊದಲೇ ಯೋಚಿಸಿ.

ಆದರೆ ಮೀನು? ಗೋಕರ್ಣ ಮೂಲತಃ ಕ್ಷೇತ್ರ. ಬೀಚಿನ ಗುಡಿಸಲು ಹೋಟೆಲುಗಳಲ್ಲಿ ಮೀನು ಸಿಗುತ್ತದೆ, ಆದರೆ ಮಸಾಲೆ ಪ್ರವಾಸಿಗರ ನಾಲಗೆಗೆ ತಕ್ಕಂತೆ ಮೆತ್ತಗಾಗಿರುತ್ತದೆ. ಮೀನುಗಾರಿಕೆ ನೋಡಬೇಕೆಂದರೆ ದಕ್ಷಿಣಕ್ಕಿರುವ ತದಡಿಗೆ ಹೋಗಬೇಕು. ಅಲ್ಲಿ ಅಘನಾಶಿನಿ ನದಿ ಸಮುದ್ರ ಸೇರುತ್ತದೆ, ಪಕ್ಕದಲ್ಲೇ ಬಂದರು. ನೀರು ಇಳಿದ ಹೊತ್ತಿಗೆ ಹೋದರೆ ಹಿನ್ನೀರಿನಲ್ಲಿ ಜನ ಸೊಂಟದವರೆಗೆ ನಿಂತು ಬಳಚು, ಅಂದರೆ ಚಿಪ್ಪುಮೀನು, ಆರಿಸುತ್ತಿರುತ್ತಾರೆ. ಗೋಕರ್ಣಕ್ಕೆ ಬಂದವರಲ್ಲಿ ಹೆಚ್ಚಿನವರು ಇತ್ತ ತಲೆಯೇ ಹಾಕುವುದಿಲ್ಲ ಅನ್ನೋದು ನನಗೆ ನಿಜಕ್ಕೂ ಬೇಸರದ ಸಂಗತಿ.

ಮಲ್ಪೆಯಲ್ಲಿ ಹಾಗೆ ಹುಡುಕಿಕೊಂಡು ಹೋಗಬೇಕಿಲ್ಲ. ಉಡುಪಿಯಿಂದ ಐದಾರು ಕಿಲೋಮೀಟರ್, ಸಿಟಿ ಬಸ್ಸಿನಲ್ಲೇ ಹೋಗಬಹುದು. ಬೀಚಿಗೆ ತಾಗಿಕೊಂಡೇ ರಾಜ್ಯದ ದೊಡ್ಡ ಮೀನುಗಾರಿಕಾ ಬಂದರುಗಳಲ್ಲಿ ಒಂದು. ಬೆಳಗ್ಗೆ ಬೇಗ ಎದ್ದು ದಕ್ಕೆಗೆ (ಬೋಟುಗಳು ಮೀನು ಇಳಿಸುವ ಕಟ್ಟೆಗೆ) ಹೋಗಿ, ಹಳೆಯ ಚಪ್ಪಲಿ ಹಾಕಿಕೊಂಡು ಹೋಗಿ, ನೆಲವೆಲ್ಲ ಮೀನಿನ ನೀರು ಮತ್ತು ಐಸಿನ ಪುಡಿ. ಏಲಂ ಕೂಗುವ ವೇಗಕ್ಕೆ ಹೊಸಬರಿಗೆ ಯಾರು ಎಷ್ಟಕ್ಕೆ ಹಿಡಿದರು ಅಂತ ಗೊತ್ತೇ ಆಗುವುದಿಲ್ಲ. ಅಷ್ಟರಲ್ಲಿ ರಾಶಿ ಬುಟ್ಟಿಗೆ, ಬುಟ್ಟಿ ಟೆಂಪೊಗೆ.

ಒಂದು ವಿಷಯ ತಿಳಿದುಕೊಂಡು ಹೋದರೆ ಒಳ್ಳೆಯದು. ಬಲೆ ಎಳೆದುಕೊಂಡು ಹೋಗುವ ಆಳಸಮುದ್ರದ ಟ್ರಾಲ್ ಬೋಟುಗಳು ಐಸು ತುಂಬಿಕೊಂಡು ಹೋದರೆ ವಾರ, ಹತ್ತು ದಿನ ಕಡಲಲ್ಲೇ ಇರುತ್ತವೆ. ಮೀನಿನ ಹಿಂಡಿಗೆ ಸುತ್ತಲೂ ಬಲೆ ಬಿಡುವ ಪರ್ಸೀನ್ ಬೋಟು ಮತ್ತು ನಾಡದೋಣಿಗಳು ಸಾಮಾನ್ಯವಾಗಿ ಅಂದೇ ವಾಪಸ್. ಹಾಗಾಗಿ ಬಂದರಿನಲ್ಲಿ ಕೊಂಡದ್ದೆಲ್ಲ ಅಂದು ಹಿಡಿದದ್ದೇ ಅಂತ ತಿಳಿಯಬೇಡಿ. ಬಂಗುಡೆ ಮಾರುತ್ತಿದ್ದ ಒಬ್ಬರನ್ನು "ಇವತ್ತಿನದ್ದಾ ಅಕ್ಕಾ?" ಅಂತ ಕೇಳಿದೆ. ಅವರು ಉತ್ತರ ಕೊಡಲಿಲ್ಲ, ಒಂದು ಮೀನು ಎತ್ತಿ ಹೆಬ್ಬೆರಳಿನಿಂದ ಕಿವಿರು ಸರಿಸಿ ತೋರಿಸಿದರು. ಒಳಗೆ ಕಡು ಕೆಂಪು, ಕಣ್ಣು ಗಾಜಿನಂತೆ ಹೊಳೆಯುತ್ತಿತ್ತು, ಹೊಟ್ಟೆ ಒತ್ತಿದರೆ ಗಟ್ಟಿ. ಅದೇ ಬಂಗುಡೆಯ ಪುಳಿಮುಂಚಿ (ಹುಳಿ, ಖಾರದ ಸಾರು) ಜೊತೆ ಕುಚ್ಚಲಕ್ಕಿ ಅನ್ನ ಉಂಡವರಿಗೆ ನಾನು ಮಲ್ಪೆ ಪಾಲು ಯಾಕೆ ವಹಿಸುತ್ತೇನೆ ಅಂತ ಬಿಡಿಸಿ ಹೇಳಬೇಕಿಲ್ಲ. ಕಾಣೆ ಮೀನಿನ ಫ್ರೈ ಕೂಡ ಬಿಡಬೇಡಿ.

ಮಲ್ಪೆ ಬೀಚು ಉದ್ದಕ್ಕೆ, ಚಪ್ಪಟೆಗೆ ಇದೆ, ಮಕ್ಕಳಿಗೆ ಓಡಾಡಲು ಚೆನ್ನ. ವಾರಾಂತ್ಯದ ಸಂಜೆ ಮಾತ್ರ ಜಾತ್ರೆ. ಜಲಕ್ರೀಡೆ, ಗಾಡಿ ಅಂಗಡಿ, ಜೋರು ಹಾಡು. ಶಾಂತಿ ಬೇಕಾದವರು ಹೊಳೆಯಾಚೆಯ ಪಡುಕೆರೆಗೆ ಹೋಗಿ, ಅಲ್ಲಿ ದಡವೂ ಉದ್ದ, ಜನವೂ ಕಡಿಮೆ.

ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರೀಸ್ ದ್ವೀಪಕ್ಕೆ ಗೋಕರ್ಣದಲ್ಲಿ ಜೋಡಿಯೇ ಇಲ್ಲ. ಭಾರತ ಮತ್ತು ಮಡಗಾಸ್ಕರ್ ಬೇರೆಯಾಗುತ್ತಿದ್ದ ಕಾಲದಲ್ಲಿ, ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಲಾವಾ ತಣಿದು ಬಿರಿದು ಆದ ಕಲ್ಲುಕಂಬಗಳು ಅಲ್ಲಿವೆ. ಹತ್ತಿರ ಹೋಗಿ ಮುಖ ಎಣಿಸಿ ನೋಡಿ, ಹೆಚ್ಚಿನವಕ್ಕೆ ಐದೋ ಆರೋ ಇರುತ್ತವೆ. ದಡದಲ್ಲಿ ಮರಳಿಗಿಂತ ಚಿಪ್ಪಿನ ಚೂರೇ ಜಾಸ್ತಿ.

ಗಾಳ ಹಾಕುವ ಆಸೆ ಇದ್ದವರಿಗೂ ಮಲ್ಪೆಯೇ ಸುಲಭ, ಹೊಳೆ ಕಡಲು ಸೇರುವ ಅಳಿವೆ ಹತ್ತಿರದಲ್ಲೇ ಇರುವುದರಿಂದ. ಗೋಕರ್ಣದ ಬಂಡೆಗಳ ಮೇಲೆ ನಿಂತು ಗಾಳ ಎಸೆಯುವುದು ಚೆಂದ ಕಾಣುತ್ತದೆ ನಿಜ, ಆದರೆ ಪಾಚಿ ಕಟ್ಟಿದ ಬಂಡೆಗೆ ಅಲೆ ಬಡಿದರೆ ಕಾಲು ನಿಲ್ಲುವುದಿಲ್ಲ. ದಯವಿಟ್ಟು ಅಲ್ಲಿ ಸೆಲ್ಫಿಗೂ ನಿಲ್ಲಬೇಡಿ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆಗ ಮಲ್ಪೆ ಬಂದರು ತುಂಬ ನಿಂತ ಬೋಟುಗಳೇ, ದ್ವೀಪದ ದೋಣಿಯೂ ಇಲ್ಲ, ನೀರಿಗೆ ಇಳಿಯುವಂತೆಯೂ ಇಲ್ಲ. ಸಿಕ್ಕರೆ ನಾಡದೋಣಿಯವರ ಮೀನು ಮಾತ್ರ. ಡಿಸೆಂಬರ್, ಜನವರಿ ಒಳ್ಳೆಯದು. ಬೆಂಗಳೂರಿನಿಂದ ಹೊರಡುವ ಪಂಚಗಂಗಾ ರೈಲು ಉಡುಪಿಯಲ್ಲೂ ಗೋಕರ್ಣ ರೋಡಿನಲ್ಲೂ ನಿಲ್ಲುತ್ತದೆ. ಇನ್ನೊಂದೆರಡು ದಿನ ರಜೆ ಸಿಕ್ಕಿದರೆ ಮೊದಲು ಉಡುಪಿಯಲ್ಲಿ ಇಳಿಯಿರಿ, ಮೀನು ಮುಗಿಸಿ ಅದೇ ರೈಲಿನಲ್ಲಿ ಮುಂದೆ ಗೋಕರ್ಣಕ್ಕೆ ಹೋಗಿ.