ಸಣ್ಣ ಸಭೆಗಳಿಗೊಂದು ಸಲಹಾ ಸೇವೆ: ಹುಮನಾಬಾದ್ ತಾಲ್ಲೂಕಿನಿಂದ ಒಂದು ವಿಮರ್ಶೆ

ಬೀದರ್ ಜಿಲ್ಲೆಯ ಹಳ್ಳಿಗಳಲ್ಲಿ ಇಪ್ಪತ್ತು ಮೂವತ್ತು ಮನೆಗಳನ್ನಷ್ಟೇ ನೆಚ್ಚಿಕೊಂಡು ನಡೆಯುವ ಮೆಥೋಡಿಸ್ಟ್ ಕ್ರೈಸ್ತ ಸಭೆಗಳು ಹಲವಾರಿವೆ. ಇಂತಹ ಸಭೆಗಳಿಗೆ ಲೆಕ್ಕಪತ್ರ, ಆಸ್ತಿಯ ದಾಖಲೆ ಮತ್ತು ಹಿರಿಯರ ತರಬೇತಿಯಲ್ಲಿ ವರ್ಷವಿಡೀ ನೆರವಾಗುವ ಸಲಹಾ ಸೇವೆಯೊಂದನ್ನು ಹುಮನಾಬಾದ್ ತಾಲ್ಲೂಕಿನ ನಮ್ಮ ಸಭೆಯು ಕಳೆದ ವರ್ಷ ಪಡೆದುಕೊಂಡಿತು. ವರ್ಷದ ಶುಲ್ಕ 6,000 ರೂಪಾಯಿ. ತರಬೇತಿಗೆ ಬಂದವರ ಊಟ ಮತ್ತು ಬಸ್ ಖರ್ಚು ಸಭೆಯದೇ. ಖಜಾಂಚಿಯಾಗಿ ಆ ಹಣವನ್ನು ಎಣಿಸಿ ಕೊಟ್ಟವನು ನಾನಾದ್ದರಿಂದ, ಕೊಟ್ಟದ್ದಕ್ಕೆ ಏನು ದೊರಕಿತು ಎಂಬುದನ್ನು ಇದೇ ಸೇವೆಯನ್ನು ಪಡೆಯಲು ಯೋಚಿಸುತ್ತಿರುವ ನೆರೆಹೊರೆಯ ಸಭೆಗಳ ಅನುಕೂಲಕ್ಕಾಗಿ ಬರೆಯುತ್ತಿದ್ದೇನೆ. ಲೆಕ್ಕಪತ್ರದ ವಿಷಯದಲ್ಲಿ ಈ ಸೇವೆಗೆ ಕೊಟ್ಟ ಹಣ ಸಾರ್ಥಕ. ಯುವಜನರ ವಿಷಯದಲ್ಲಿ ಮಾತ್ರ ಅದು ನಗರದ ಅಳತೆಗೆ ಹೊಲಿದ ಅಂಗಿಯನ್ನು ನಮಗೆ ತೊಡಿಸಲು ನೋಡಿತು.

ಮೊದಲು ಲೆಕ್ಕಪತ್ರದ ಮಾತು. ನಮ್ಮ ಸಭೆಯ ಬಡತನವು ಕಾಣಿಕೆ ಕಡಿಮೆಯಾದದ್ದರಿಂದ ಬಂದದ್ದೆಂದೇ ಎಲ್ಲರೂ ನಂಬಿದ್ದೆವು. ಸಲಹೆಗಾರರು ಹಿಂದಿನ ಮೂರು ವರ್ಷಗಳ ಕಾಣಿಕೆಯನ್ನು ತಿಂಗಳುವಾರು ಬರೆಸಿ, ಗೋಡೆಗೆ ಅಂಟಿಸಿದ ಹಾಳೆಯ ಮೇಲೆ ತೋರಿಸಿದಾಗ ಬೇರೆಯೇ ಸಂಗತಿ ಗೋಚರಿಸಿತು. ಸೋಯಾ ಮಾರಾಟವಾಗುವ ಅಕ್ಟೋಬರ್‌ನಲ್ಲಿ ಒಂದಿಷ್ಟು, ತೊಗರಿ ರಾಶಿಯಾಗುವ ಜನವರಿಯ ಸುಮಾರಿಗೆ ಅದಕ್ಕಿಂತ ಹೆಚ್ಚು ಹಣ ಬರುತ್ತದೆ. ಸುಗ್ಗಿಯ ಆರಾಧನೆಯ ದಿನ ತೊಗರಿ ಚೀಲ, ಕುಂಬಳಕಾಯಿ, ಜವಾರಿ ಕೋಳಿಗಳ ಹರಾಜಿನಲ್ಲಿ ಒಂದೇ ಮಧ್ಯಾಹ್ನದಲ್ಲಿ ಕೂಡುವ ಮೊತ್ತವು ಮಳೆಗಾಲದ ಮೂರು ತಿಂಗಳ ಕಾಣಿಕೆಯನ್ನು ಮೀರುತ್ತದೆ. ಖರ್ಚಾದರೋ ಸಭಾಪಾಲಕರ ಸಂಭಾವನೆ, ಕರೆಂಟ್ ಬಿಲ್ ಎಂದು ಪ್ರತಿ ತಿಂಗಳೂ ಒಂದೇ ಸಮನೆ ಇರುತ್ತದೆ. ಸುಗ್ಗಿಯ ಹಣವನ್ನು ಕೈಯಲ್ಲಿದ್ದಾಗಲೇ ಸುಣ್ಣಬಣ್ಣಕ್ಕೂ ಧ್ವನಿವರ್ಧಕಕ್ಕೂ ಹಾಕಿ, ಜೂನ್ ಬಂದೊಡನೆ ಬಿತ್ತನೆಗೆ ಸಾಲ ಮಾಡಿದವರ ಮನೆಗೇ ಹೋಗಿ ದಶಾಂಶ, ಅಂದರೆ ಆದಾಯದ ಹತ್ತನೇ ಒಂದು ಪಾಲಿನ ಕಾಣಿಕೆ, ಕೇಳುವುದು ನಮ್ಮಲ್ಲಿ ರೂಢಿಯಾಗಿತ್ತು. ಹರಾಜಿನ ಹಣವನ್ನು ಹನ್ನೆರಡು ಪಾಲು ಮಾಡಿ, ಬ್ಯಾಂಕಿನಲ್ಲಿಟ್ಟು, ತಿಂಗಳಿಗೆ ಒಂದೇ ಪಾಲನ್ನು ತೆಗೆಯಬೇಕೆಂಬ ನಿಯಮವನ್ನು ಅವರು ಹಾಕಿಕೊಟ್ಟರು. ಇಷ್ಟು ಸರಳವಾದುದಕ್ಕೆ ಶುಲ್ಕವೇಕೆ ಎಂದು ನಮ್ಮ ಹಿರಿಯರೊಬ್ಬರು ಕೇಳಿದ್ದರು. ಆದರೆ ಈ ಸರಳವಾದುದನ್ನು ಹೊರಗಿನವರು ಹೇಳದೆ ಸಭೆಯು ಒಪ್ಪುತ್ತಿರಲಿಲ್ಲ.

ಆರಾಧನೆ ಮುಗಿದ ಕೂಡಲೇ, ಕಾಣಿಕೆ ಚೀಲವು ಯಾರ ಮನೆಗೂ ಹೋಗುವ ಮುನ್ನ, ಒಂದೇ ಕುಟುಂಬಕ್ಕೆ ಸೇರದ ಇಬ್ಬರು ಕುಳಿತು ಎಣಿಸಿ ಸಹಿ ಹಾಕಬೇಕೆಂಬುದು ಅವರು ಕಲಿಸಿದ ಇನ್ನೊಂದು ಕ್ರಮ. ಕ್ಯೂಆರ್ ಕೋಡ್ ಇಡುವುದಾದರೆ ಅದು ಸಭೆಯ ಖಾತೆಯದ್ದೇ ಆಗಿರಬೇಕು, ಸಭಾಪಾಲಕರ ಸ್ವಂತ ಫೋನಿನದ್ದಾಗಬಾರದು ಎಂದೂ ಹೇಳಿದರು. ಹೈದರಾಬಾದ್, ಪುಣೆಗಳಿಗೆ ದುಡಿಯಲು ಹೋದ ಮಕ್ಕಳು ಈಗ ಆ ಕೋಡಿನ ಮೂಲಕವೇ ಕಾಣಿಕೆ ಕಳುಹಿಸುತ್ತಾರೆ.

ಹಿರಿಯರ ತರಬೇತಿಯು ನಾನು ನಿರೀಕ್ಷಿಸಿದ್ದಕ್ಕಿಂತ ಉತ್ತಮವಾಗಿತ್ತು. ಮೆಥೋಡಿಸ್ಟ್ ಪಂಥದ ಸ್ಥಾಪಕ ಜಾನ್ ವೆಸ್ಲಿಯವರ ಕಾಲದ ಒಂದು ಸಂಗತಿಯನ್ನು ತರಬೇತುದಾರರು ಅಲ್ಲಿ ವಿವರಿಸಿದರು. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಪ್ರಾರ್ಥನಾ ಮಂದಿರದ ಸಾಲ ತೀರಿಸುವುದಕ್ಕೆಂದು ಸದಸ್ಯರನ್ನು ಹನ್ನೆರಡು ಹನ್ನೆರಡು ಜನರ ಗುಂಪುಗಳಾಗಿ ವಿಂಗಡಿಸಿ, ವಾರಕ್ಕೆ ತಲೆಗೊಂದು ಪೆನ್ನಿಯನ್ನು ಸಂಗ್ರಹಿಸಲು ಗುಂಪಿಗೊಬ್ಬ ಮುಖಂಡನನ್ನು ನೇಮಿಸಲಾಯಿತು. ಬಡವರ ಪಾಲನ್ನು ಮುಖಂಡನೇ ತುಂಬುವುದೆಂದು ಒಪ್ಪಂದವಾಗಿತ್ತು. ಹಣಕ್ಕಾಗಿ ಮನೆಮನೆಗೆ ಹೋದ ಮುಖಂಡರಿಗೆ ಯಾರು ಕಾಯಿಲೆ ಬಿದ್ದಿದ್ದಾರೆ, ಯಾರ ಮನೆಯಲ್ಲಿ ಜಗಳವಾಗಿದೆ ಎಂಬುದು ತಿಳಿಯತೊಡಗಿ, ಸಾಲ ತೀರಿಸಲು ಹುಟ್ಟಿದ ವ್ಯವಸ್ಥೆಯೇ ಸಭೆಯ ಪಾಲನೆಯ ವ್ಯವಸ್ಥೆಯಾಯಿತು. ನಮ್ಮ ಸಭಾಪಾಲಕರು ನಾಲ್ಕು ಹಳ್ಳಿಗಳನ್ನು ನೋಡಿಕೊಳ್ಳಬೇಕಾಗಿರುವುದರಿಂದ ಈ ಮಾದರಿ ನಮಗೆ ನೇರವಾಗಿ ಒದಗಿತು. ಈಗ ಐದಾರು ಮನೆಗಳಿಗೆ ಒಬ್ಬರಂತೆ ಜವಾಬ್ದಾರಿ ಹಂಚಿದ್ದೇವೆ. ಅವರಲ್ಲಿ ಹೆಚ್ಚಿನವರು ಮಹಿಳೆಯರು. ಸಭಾಪಾಲಕರು ಬರಲಾಗದ ಭಾನುವಾರ ಆರಾಧನೆ ನಡೆಸುವವರೂ ಅವರೇ. ನಮ್ಮಲ್ಲಿ ಸಭಾಪಾಲಕರ ವರ್ಗಾವಣೆ ಆಗುತ್ತಲೇ ಇರುವುದರಿಂದ, ಅವರೊಬ್ಬರನ್ನೇ ನಂಬಿ ಮಾಡಿದ ಯೋಜನೆಗಳು ಅವರ ಸಾಮಾನಿನ ಗಾಡಿಯೊಂದಿಗೇ ಊರು ಬಿಡುತ್ತಿದ್ದವು ಎಂಬುದನ್ನೂ ಇಲ್ಲಿ ಹೇಳಬೇಕು.

ಆಸ್ತಿಯ ದಾಖಲೆಗಳ ವಿಷಯದಲ್ಲಿ ಸೇವೆಯ ಕೆಲಸ ಅರ್ಧಕ್ಕೇ ನಿಂತಿದೆ. ಬೀದರ್ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದುದರಿಂದ ನಮ್ಮ ಸ್ಮಶಾನದ ಹಳೆಯ ಕಾಗದವು ಉರ್ದುವಿನಲ್ಲಿದ್ದು, ಅದನ್ನು ಓದಬಲ್ಲವರು ಸಭೆಯಲ್ಲಿ ಯಾರೂ ಉಳಿದಿಲ್ಲ. ಓದುವವರನ್ನು ಬೀದರ್ ನಗರದಲ್ಲಿ ಹುಡುಕಿಕೊಟ್ಟು, ಸರ್ವೆ ನಂಬರನ್ನು ಈಗಿನ ಪಹಣಿಯೊಂದಿಗೆ ಹೋಲಿಸಿ ನೋಡುವವರೆಗೆ ಸಲಹೆಗಾರರು ಜೊತೆಗಿದ್ದರು. ವಿಸ್ತೀರ್ಣದಲ್ಲಿ ವ್ಯತ್ಯಾಸ ಕಂಡುಬಂದ ಮೇಲೆ ಮುಂದಿನದು ವಕೀಲರ ಕೆಲಸವೆಂದು ಕೈತೊಳೆದುಕೊಂಡರು. ಅದು ಸರಿಯಾದ ಮಾತೇ ಇರಬಹುದು, ಆದರೆ ಕರಪತ್ರದಲ್ಲಿ ‘ಆಸ್ತಿ ದಾಖಲೆಗಳ ಸಂಪೂರ್ಣ ಪರಿಹಾರ’ ಎಂದು ಅಚ್ಚು ಹಾಕಿಸುವ ಮುನ್ನ ಅದನ್ನು ಯೋಚಿಸಬೇಕಿತ್ತು.

ನನಗೆ ನಿಜವಾಗಿ ಬೇಸರ ತಂದದ್ದು ಸದಸ್ಯರ ಸಮೀಕ್ಷೆಯ ಅರ್ಜಿ. ಅದರಲ್ಲಿ ಹೆಸರು, ವಯಸ್ಸು, ದೀಕ್ಷಾಸ್ನಾನದ ವರ್ಷದ ಜೊತೆಗೆ ಆಧಾರ್ ಸಂಖ್ಯೆ ಮತ್ತು ಜಾತಿಯ ಕಾಲಂಗಳೂ ಇದ್ದವು. 1950ರ ರಾಷ್ಟ್ರಪತಿಗಳ ಆದೇಶವು ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿ, ಮುಂದೆ 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಣೆಯಾದರೂ ಕ್ರೈಸ್ತರಿಗೆ ದೊರೆಯದಿರುವ ಈ ದೇಶದಲ್ಲಿ, ಹಳ್ಳಿಯ ಕುಟುಂಬವೊಂದು ಅಂತಹ ಕಾಗದವನ್ನು ಎಷ್ಟು ಅಂಜಿಕೆಯಿಂದ ನೋಡುತ್ತದೆಂಬುದನ್ನು ಸಭೆಗಳಿಗೆ ಸಲಹೆ ನೀಡುವವರು ಮೊದಲೇ ಅರಿತಿರಬೇಕು. ಅರ್ಜಿ ಹಂಚಿದ ಮರುವಾರ ಆರಾಧನೆಗೆ ಬಂದವರ ಸಂಖ್ಯೆ ಕಣ್ಣಿಗೆ ಕಾಣುವಷ್ಟು ಇಳಿಯಿತು. ನಾವು ಆಕ್ಷೇಪಿಸಿದ ಮೇಲೆ ಆ ಕಾಲಂಗಳನ್ನು ತೆಗೆದರು, ತುಂಬಿದ ಹಾಳೆಗಳನ್ನು ನಮ್ಮ ಎದುರಿಗೇ ಹರಿದು ಹಾಕಿದರು. ಬೇರೆ ಸಭೆಗಳು ಅರ್ಜಿಯನ್ನು ಮೊದಲೇ ತರಿಸಿಕೊಂಡು ಓದುವುದು ಒಳ್ಳೆಯದು.

ಯುವಜನರಿಗೆಂದು ಅವರು ಸೂಚಿಸಿದ್ದು ಗಿಟಾರು, ಕೀಬೋರ್ಡುಗಳ ಗಾಯನ ತಂಡ. ತಂಡ ಕಟ್ಟಬೇಕಾದ ಹುಡುಗರೆಲ್ಲ ಹೈದರಾಬಾದಿನಲ್ಲಿ ಸೆಕ್ಯೂರಿಟಿ, ಡ್ರೈವರ್ ಕೆಲಸಗಳಲ್ಲಿದ್ದು ಕ್ರಿಸ್‌ಮಸ್‌ಗಷ್ಟೇ ಊರಿಗೆ ಬರುತ್ತಾರೆ. ಇಲ್ಲಿ ಉಳಿದವರಿಗೆ ತಬಲಾ, ಹಾರ್ಮೋನಿಯಂ, ತಾಳಗಳ ಭಜನೆ ಬಾಯಿಪಾಠವಾಗಿದೆ. ಈ ಅಧ್ಯಾಯವನ್ನು ನಾವು ವಿನಯದಿಂದಲೇ ಬದಿಗಿಟ್ಟೆವು.

ಹೊರಗಿನ ನೆರವಿನ ಬಗ್ಗೆ ಅವರು ಆಸೆ ಹುಟ್ಟಿಸಲಿಲ್ಲವೆಂಬುದು ಮೆಚ್ಚತಕ್ಕದ್ದು. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಒಂದು ಸಂಸ್ಥೆಯು ತಾನು ಪಡೆದ ವಿದೇಶಿ ಹಣವನ್ನು ಮತ್ತೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ದೊಡ್ಡ ಸಂಸ್ಥೆಯೊಂದರ ಮೂಲಕ ನಮಗೂ ಏನಾದರೂ ಬಂದೀತೆಂದು ಕಾಯುವುದು ವ್ಯರ್ಥವೆಂದು ನೇರವಾಗಿ ಹೇಳಿದರು.

ಲೆಕ್ಕ ಬರೆಯಲು ಕನಿಷ್ಠ ಇಬ್ಬರು ಸಿದ್ಧರಿರುವ ಸಭೆಗಳು ಈ ಸೇವೆಯನ್ನು ಪಡೆಯಬಹುದು. ಅಂಥವರು ಇಲ್ಲದಿದ್ದರೆ ಶುಲ್ಕವನ್ನು ಉಳಿಸಿಕೊಳ್ಳುವುದೇ ಲೇಸು, ಏಕೆಂದರೆ ಸಲಹೆಗಾರರು ಪುಸ್ತಕ ಕೊಡುತ್ತಾರೆಯೇ ಹೊರತು ಬರೆದುಕೊಡುವುದಿಲ್ಲ. ಕೈಪಿಡಿ ಕನ್ನಡದಲ್ಲಿ ಮಾತ್ರ ಇರುವುದರಿಂದ ಔರಾದ್, ಭಾಲ್ಕಿ ಕಡೆಯ ಮರಾಠಿ ಮಾತನಾಡುವ ಸಭೆಗಳಿಗೆ ತೊಡಕಾದೀತು. ಸೇರುವವರು ಸೆಪ್ಟೆಂಬರ್‌ಗೆ ಮೊದಲೇ ಸೇರಿದರೆ ಸೋಯಾ, ತೊಗರಿ ಎರಡರ ಹಣವೂ ಹೊಸ ಪುಸ್ತಕಕ್ಕೆ ಬರುತ್ತದೆ. ಜನವರಿ ದಾಟಿದ ಮೇಲೆ ಸೇರಿದರೆ ಆ ವರ್ಷ ಪಾಲು ಮಾಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ.